ಮಡಚುವ ಲ್ಯಾಪ್‌ಟಾಪಿನ ವ್ಯಾಪಾರ

ಲ್ಯಾಪ್‌ಟಾಪ್ ಅಂಗಡಿಗೆ ಜನ ಲ್ಯಾಪ್‌ಟಾಪ್ ಕೊಳ್ಳಲು ಬರುತ್ತಾರೆ ಎಂದು ನಂಬಿರುವವರು ಬಸವನಗುಡಿಯ ನಮ್ಮ ಅಂಗಡಿಯಲ್ಲಿ ಒಂದು ದಿನ ಕೂತು ನೋಡಬೇಕು. ಪಕ್ಕದ ಹೋಟೆಲಿನಲ್ಲಿ ಟೇಬಲ್ ಖಾಲಿಯಾಗುವವರೆಗೆ ನಿಲ್ಲಲು ಬರುವವರಿದ್ದಾರೆ, ಎಸಿ ಗಾಳಿಗೆ ಬರುವವರಿದ್ದಾರೆ. ಆನ್‌ಲೈನಿನಲ್ಲಿ ಆಗಲೇ ಆರ್ಡರ್ ಮಾಡಿ, ಮಾಡಿದ್ದು ಸರಿಯೋ ತಪ್ಪೋ ಎಂದು ನಮ್ಮನ್ನೇ ಕೇಳಲು ಬರುವ ಪುಣ್ಯಾತ್ಮರೂ ಇದ್ದಾರೆ. ಕೌಂಟರಿನ ಹಿಂದೆ ನಿಂತು ನಿಂತು ನನಗೆ ಇದೆಲ್ಲ ಅಭ್ಯಾಸವಾಗಿದೆ. ಆದರೆ ಕಳೆದ ದಸರಾಕ್ಕೆ ಮುಂಚೆ ನಡೆದದ್ದನ್ನು ನೆನೆದರೆ ಈಗಲೂ ಒಬ್ಬನೇ ನಗುತ್ತೇನೆ.

ಆಗ ನಗುವ ಸ್ಥಿತಿ ಇರಲಿಲ್ಲ. ಎರಡು ದುಬಾರಿ ಲ್ಯಾಪ್‌ಟಾಪ್‌ಗಳು ಅಂಗಡಿಯಲ್ಲೇ ಉಳಿದುಬಿಟ್ಟಿದ್ದವು. ಒಂದು, ಸ್ಕ್ರೀನನ್ನು ಪೂರ್ತಿ ಹಿಂದಕ್ಕೆ ಮಡಚುವಂಥದ್ದು. ಇನ್ನೊಂದು, ಸ್ಕ್ರೀನನ್ನೇ ಕೀಬೋರ್ಡಿನಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಳ್ಳುವಂಥದ್ದು. ಮಾರಲು ಸೀಲ್ ಬಾಕ್ಸು ಒಂದೊಂದೇ; ಗಿರಾಕಿಗಳಿಗೆ ತೋರಿಸಲು ಕಂಪನಿ ಕೊಟ್ಟ ಡೆಮೊ ಬೇರೆ, ಬಾಕ್ಸು ಮಾರಿದ ದಿನ ಅದು ಕಂಪನಿಗೆ ವಾಪಸ್. ಯಜಮಾನರು ನನ್ನನ್ನು ಕರೆದು ಖಡಾಖಂಡಿತವಾಗಿ ಹೇಳಿದರು. "ಆಯುಧಪೂಜೆ ಒಳಗೆ ಇವೆರಡೂ ಹೋಗ್ಬೇಕು. ಇಲ್ಲಾಂದ್ರೆ ನೀನು ಶ್ರೀರಾಂಪುರದ ಗೋಡೌನಿಗೆ ಹೋಗ್ತೀಯ."

ಗೋಡೌನಿನಲ್ಲಿ ಮಾತಿಗೆ ಇಲಿ ಬಿಟ್ಟರೆ ಯಾರೂ ಸಿಗುವುದಿಲ್ಲ. ನನಗೆ ಜನ ಬೇಕು, ಜಗಳವಾಡುವ ಜನವಾದರೂ ಸರಿ. ನಿಜಕ್ಕೂ ಹೆದರಿದ್ದೆ.

ಬಾರ್ಡರ್

ನಮ್ಮ ಯಜಮಾನರದು ತಲೆತಲಾಂತರದಿಂದ ಪೇಟೆಯಲ್ಲಿ ಸೀರೆ ಮಾರಿದ ಮನೆತನ. ಅವರ ಪ್ರಕಾರ ನನ್ನ ತಪ್ಪು ಒಂದೇ: ಸರಕನ್ನು ಬಿಚ್ಚಿ ತೋರಿಸದೆ ಬಾಯಲ್ಲಿ ವಿವರಿಸುವುದು. ಮಡಿಕೆ ಬಿಚ್ಚದೆ ಯಾವ ಸೀರೆ ಮಾರಾಟವಾಗಿದೆ ಎಂದು ಕೇಳಿದರು. ಕೇಳಿ ಸುಮ್ಮನಾಗಲಿಲ್ಲ, ಒಳಗೆ ಬಂದ ಗಂಡ ಹೆಂಡತಿಯನ್ನು ತಾವೇ ಕೂರಿಸಿ, ಕೂಲ್‌ಡ್ರಿಂಕ್ಸ್ ತರಿಸಿ, ಅಂಗಡಿಯಲ್ಲಿದ್ದ ಲ್ಯಾಪ್‌ಟಾಪನ್ನೆಲ್ಲ ಒಂದರ ಮೇಲೊಂದು ಬಿಚ್ಚಿ ಹರಡಿದರು.

ಗಂಡ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿದ. ಅವನನ್ನು ಯಾರೂ ಗಮನಿಸಲಿಲ್ಲ. ಹೆಂಡತಿ ಮಡಚುವ ಲ್ಯಾಪ್‌ಟಾಪಿನ ಸ್ಕ್ರೀನಿನ ಅಂಚು ಸವರಿ, ಬಾರ್ಡರ್ ಸ್ವಲ್ಪ ದಪ್ಪವಾಯಿತು ಅಂದರು. ಯಜಮಾನರ ಮುಖ ಅರಳಿತು. ಈಗ ಸಣ್ಣ ಬಾರ್ಡರೇ ಫ್ಯಾಷನ್ನು, ಇದನ್ನು ನೋಡಿ ಎಂದು ಬಿಡಿಸುವುದನ್ನು ಎತ್ತಿಕೊಟ್ಟರು. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು, ಮಡಿಲ ಮೇಲಿಟ್ಟು ಕನ್ನಡಿಯಲ್ಲಿ ನೋಡಿಕೊಂಡರು. ನನಗೂ ಆಸೆ ಹುಟ್ಟಿತು.

"ಚೆನ್ನಾಗಿದೆ," ಅಂದರು ಕೊನೆಗೆ. "ಆದ್ರೆ ಈ ಕಲರ್ ನಮ್ಮತ್ತೆ ಹತ್ರ ಇದೆ."

ಪೇಪರ್ ಓದುವವರು

ಕುಮಾರ ಪಾರ್ಕಿನಿಂದ ಮೆಟ್ರೋ ಹಿಡಿದು ಬರುತ್ತಿದ್ದ ಒಬ್ಬರು ನಿವೃತ್ತ ಅಧಿಕಾರಿಗಳಿದ್ದರು. ಲ್ಯಾಪ್‌ಟಾಪು ದಿನಬಳಕೆಗೆ ಬೇಕು ಅಂದರು. ಏನು ಬಳಕೆ ಸಾರ್ ಎಂದರೆ, ಈಮೇಲ್ ಬಂದಿದೆಯೋ ಇಲ್ಲವೋ ನೋಡುವುದು ಅಂದರು. ಬರುತ್ತದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೊದಲ ದಿನ ಅವರು ಮಡಚುವ ಲ್ಯಾಪ್‌ಟಾಪನ್ನು ಗುಡಾರದ ಹಾಗೆ ನಿಲ್ಲಿಸಿ ಅದರಲ್ಲಿ ದಿನಪತ್ರಿಕೆ ಓದಿ ನೋಡಿದರು. ಆತುರದಲ್ಲಿ ನಿರ್ಧಾರ ಮಾಡಬಾರದು ಎಂದು ಮರುದಿನವೂ ಬಂದು ಓದಿದರು. ಆಮೇಲೆ ದಿನಾ ಬಂದರು. ಕನ್ನಡಕ ಒರೆಸುವ ಬಟ್ಟೆ ನಮ್ಮ ಡ್ರಾಯರಿನಲ್ಲೇ ಇರತೊಡಗಿತು. ನಾನು ಬಾಗಿಲು ತೆಗೆಯುವುದು ತಡವಾದರೆ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಒಂದು ಬೆಳಗ್ಗೆ ಬೇರೊಬ್ಬ ಗಿರಾಕಿ ಅದೇ ಲ್ಯಾಪ್‌ಟಾಪನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅಧಿಕಾರಿಗಳು ಅದರ ಗುಣಗಾನ ಶುರುಮಾಡಿದರು. ಅಕ್ಷರ ಎಷ್ಟು ಸ್ಪಷ್ಟ, ಸ್ಕ್ರೀನು ಅಲ್ಲಾಡದೆ ಹೇಗೆ ನಿಲ್ಲುತ್ತದೆ, ಎಲ್ಲ ಹೇಳಿದರು. ಅಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಹೇಳಿಲ್ಲ. ಗಿರಾಕಿ ಕಾರ್ಡು ತೆಗೆದರು, ನಾನು ಮೆಷಿನ್ನು ತೆಗೆದೆ. ಆಗ ಅಧಿಕಾರಿಗಳಿಗೆ ಏನಾಗುತ್ತಿದೆ ಎಂದು ಹೊಳೆಯಿತು.

"ಒಂದು ನಿಮಿಷ," ಅಂದರು ಗಿರಾಕಿಗೆ. "ನೀವು ಇದನ್ನ ತಗೊಂಡು ಹೋದ್ರೆ, ನಾಳೆ ನಾನು ಪೇಪರ್ ಎಲ್ಲಿ ಓದ್ಲಿ?"

ಮತ್ತೆ ಸೇರುತ್ತಮ್ಮ

ಬಿಡಿಸುವ ಲ್ಯಾಪ್‌ಟಾಪು ನೋಡಲು ಅಣ್ಣ ತಮ್ಮ ಇಬ್ಬರು ಬಂದರು. ಹಳ್ಳಿಯ ಜಮೀನಿನ ಮೇಲೆ ಲೇಔಟ್ ಮಾಡಿ ಸೈಟು ಮಾರುತ್ತಿದ್ದವರು. ಜೊತೆಗೆ ಅವರ ತಾಯಿ. ಗಿರಾಕಿಗಳಿಗೆ ಸೈಟಿನ ನಕ್ಷೆ ತೋರಿಸಲು ಸ್ಕ್ರೀನು ಕೈಗೆ ಬರುವಂಥದ್ದೇ ಬೇಕು ಎಂದು ಇಬ್ಬರೂ ಮನೆಯಲ್ಲೇ ತೀರ್ಮಾನಿಸಿ ಬಂದಿದ್ದರು. ಇಂಥ ಗಿರಾಕಿ ಸಿಗಲು ಪುಣ್ಯ ಮಾಡಿರಬೇಕು.

ಬಾಕ್ಸು ಕಟ್ಟಿಸುವುದಷ್ಟೇ ಬಾಕಿ. ನನ್ನ ನಾಲಗೆ ಸುಮ್ಮನಿರಬಾರದೇ? ತಾಯಿಗೂ ಗೊತ್ತಾಗಲಿ ಎಂದು, ನೋಡಿ ಅಮ್ಮ, ಇದು ಹೀಗೆ ಎಳೆದರೆ ಬೇರೆ ಆಗುತ್ತೆ ಎಂದು ಟಪ್ಪನೆ ಸ್ಕ್ರೀನು ಕಿತ್ತು ತೋರಿಸಿದೆ.

'ಬೇರೆ ಆಗುತ್ತೆ' ಅನ್ನುವ ಮಾತನ್ನು ಗಂಡುಮಕ್ಕಳಿಬ್ಬರನ್ನು ಒಂದೇ ಒಲೆಯ ಅಡುಗೆಗೆ ಹಿಡಿದಿಟ್ಟಿರುವ ತಾಯಿಯ ಮುಂದೆ ಆಡಬಾರದು. ಆಕೆ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. ಹಬ್ಬದ ಹೊತ್ತಿನಲ್ಲಿ ಬೇರೆ ಆಗೋ ಸಾಮಾನು ಮನೆಗೆ ಬೇಡ ಅಂದರು. ಅಣ್ಣ ತಮ್ಮ ಮುಖಮುಖ ನೋಡಿಕೊಂಡರು. ಸೊಸೆಯರ ಕಡೆಯಿಂದ ಮನೆ ಬೇರೆ ಮಾಡುವ ಮಾತು ಏನೋ ನಡೆದಿತ್ತು ಅಂತ ಕಾಣುತ್ತದೆ. ನಾನು ಗಾಬರಿಯಲ್ಲಿ ಸ್ಕ್ರೀನನ್ನು ಕೀಬೋರ್ಡಿಗೆ ಒತ್ತಿ, ಮತ್ತೆ ಸೇರುತ್ತಮ್ಮ, ನೋಡಿ, ಸೇರೇ ಹೋಯ್ತು ಅಂದೆ.

"ಬೇರೆ ಆದೋರೂ ಹಬ್ಬಕ್ಕೆ ಸೇರ್ತಾರಪ್ಪ," ಅಂದರು ಆಕೆ ಬಾಗಿಲಲ್ಲಿ ನಿಂತು. "ಅದು ಸೇರೋದಾ?"

ದೂರ

ಆಯುಧಪೂಜೆಯ ಹಿಂದಿನ ದಿನ ಬಂತು. ಎರಡೂ ಹಾಗೇ ಕೂತಿದ್ದವು. ಗೋಡೌನಿಗೆ ಟಿಫನ್ ಬಾಕ್ಸು ಯಾವುದು ಒಯ್ಯಬೇಕು ಎಂದು ಯೋಚಿಸುತ್ತಿದ್ದಾಗ ಹತ್ತಿರದ ಮನೆಯೊಂದರಿಂದ ಸೊಸೆಯೊಬ್ಬರು ಫೋನ್ ಮಾಡಿದರು. ಅತ್ತೆಗೆ ಮಡಿಸೋ ಲ್ಯಾಪ್‌ಟಾಪ್ ಬೇಕು, ಮನೆಗೇ ತಂದು ತೋರಿಸುತ್ತೀರಾ ಎಂದರು. ಎರಡನ್ನೂ ಸೀಲ್ ಒಡೆಯದ ಬಾಕ್ಸಿನಲ್ಲೇ ಸ್ಕೂಟರಿನ ಮೇಲಿಟ್ಟುಕೊಂಡು ಓಡಿದೆ.

ದಾರಿಯಲ್ಲಿ ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಸೊಸೆ 'ಮಡಿಸೋ' ಅಂದದ್ದು ಅತ್ತೆಯ ಕಿವಿಗೆ 'ಮಡೀದು' ಎಂದು ಬಿದ್ದಿತ್ತು.

ಬಾಗಿಲಲ್ಲಿ ಸೊಸೆ ಪಿಸುಮಾತಿನಲ್ಲಿ ಕಷ್ಟ ಹೇಳಿಕೊಂಡರು. ಅತ್ತೆ ಬೆಳಗ್ಗೆ ಸ್ನಾನವಾದ ಮೇಲೆ ಊಟದವರೆಗೆ ಮಡಿ. ಅದೇ ಹೊತ್ತಿಗೆ ಹತ್ತಾರು ಹೆಂಗಸರಿಗೆ ವಿಡಿಯೋದಲ್ಲಿ ದೇವರನಾಮ ಹೇಳಿಕೊಡುತ್ತಾರೆ, ಆದರೆ ಯಂತ್ರ ಮುಟ್ಟುವುದಿಲ್ಲ. ಹಾಗಾಗಿ ಸೊಸೆ ತನ್ನ ಆಫೀಸ್ ಮೀಟಿಂಗಿನಿಂದ ಎದ್ದೆದ್ದು ಬಂದು ಅತ್ತೆಯ ಮೈಕು ಆನ್ ಮಾಡಬೇಕು, ಆಫ್ ಮಾಡಬೇಕು.

ಒಳಗೆ ಕಾಲಿಡುತ್ತಿದ್ದಂತೆ ಅಡುಗೆಮನೆಯ ಕಡೆಯಿಂದ ದನಿ ಬಂತು. "ಅಲ್ಲೇ ನಿಂತ್ಕೋಪ್ಪ. ಮಡಿ."

ನಿಂತೆ. ಇದು ಮಡೀದೇ ತಾನೇ ಎಂದು ಕೇಳಿದರು. ಮಡಿಸೋದೇ ಅಮ್ಮ ಎಂದೆ. ಇದುವರೆಗೆ ಯಾರು ಯಾರು ಮುಟ್ಟಿದ್ದಾರೆ ಅಂದರು. ಸೀಲ್ ಒಡೆದಿಲ್ಲ, ಪ್ಯಾಕ್ ಮಾಡಿದ್ದೂ ಮೆಷಿನ್ನು ಅಂದೆ. ಮೆಷಿನ್ನಿಗೆ ದೋಷವಿಲ್ಲ ಎಂದು ತೀರ್ಮಾನವಾಯಿತು. ಸಂತೋಷದಲ್ಲಿ ಬಾಕ್ಸು ಒಡೆದು ಮಡಚುವುದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

"ಅಯ್ಯೋ, ನೀನೇ ಮುಟ್ಟಿಬಿಟ್ಯಲ್ಲಪ್ಪ," ಅಂದರು ಅತ್ತೆ.

ಸೊಸೆ ಹಣೆ ಹಿಡಿದುಕೊಂಡರು. ನನಗೆ ಗೋಡೌನು ಕಣ್ಣೆದುರು ಬಂತು. ಅಷ್ಟರಲ್ಲಿ ಬಾಕ್ಸಿನಿಂದ ಸ್ಕ್ರೀನಿನ ಮೇಲೆ ಬರೆಯುವ ಪೆನ್ನು ಉರುಳಿ ಅತ್ತೆಯ ಕಾಲಬಳಿ ಬಿತ್ತು. ಇದನ್ನೂ ಮುಟ್ಟಿದೆಯಾ ಎಂದರು. ದೇವರಾಣೆ ಇಲ್ಲ ಎಂದೆ. ಎತ್ತಿಕೊಂಡರು. ನಾನು ಲ್ಯಾಪ್‌ಟಾಪನ್ನು ಆನ್ ಮಾಡಿ ಮಣೆಯ ಮೇಲೆ ನಿಲ್ಲಿಸಿ ಹಿಂದಕ್ಕೆ ಸರಿದೆ. ಅವರು ದೂರದಿಂದಲೇ ಕೈ ಚಾಚಿ ಪೆನ್ನಿನ ತುದಿಯಿಂದ ಒತ್ತಿದರು. ಸ್ಕ್ರೀನು ತೆರೆದುಕೊಂಡಿತು. ಸೊಸೆ ಮೈಕಿನ ಗುರುತು ತೋರಿಸಿದರು. ಅತ್ತೆ ಆನ್ ಮಾಡಿದರು, ಆಫ್ ಮಾಡಿದರು, ಮತ್ತೆ ಆನ್ ಮಾಡಿದರು.

"ಕಡ್ಡೀಲಿ ಮುಟ್ಟಿದ್ರೆ ಮುಟ್ಟಿದ ಹಾಗಾಗಲ್ಲ," ಎಂದು ಅಪ್ಪಣೆಯಾಯಿತು. "ಇದು ಇರ್ಲಿ. ಇನ್ನೊಂದಕ್ಕೆ ಕಡ್ಡಿ ಇಲ್ವಾ?"

ಇಲ್ಲಮ್ಮ, ಅದನ್ನು ಬೆರಳಲ್ಲೇ ಮುಟ್ಟಬೇಕು ಎಂದೆ, ಅದರ ಕಥೆ ಮುಗಿಯಿತು ಅಂದುಕೊಂಡು.

"ಹಾಗಾದ್ರೆ ಅದೂ ಇರ್ಲಿ. ಇದು ಮಡೀದು, ಅದು ಮೈಲಿಗೇದು. ಇವಳು ಇಟ್ಕೊಳ್ಲಿ. ಒಂದೇ ಇದ್ರೆ ಇವಳು ಆಗಾಗ ಬಂದು ನಂದನ್ನ ಮುಟ್ತಾಳೆ."

ಹೊಸ ಲ್ಯಾಪ್‌ಟಾಪು ಎದೆಗವಚಿಕೊಂಡು ನಿಂತ ಸೊಸೆಯ ಮುಖ ನೋಡಬೇಕಿತ್ತು. ಮೈಲಿಗೆ ಅನ್ನಿಸಿಕೊಂಡು ಅಷ್ಟು ಖುಷಿಪಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೇಟಿನಾಚೆ ಬಂದು ಯಜಮಾನರಿಗೆ ಫೋನ್ ಮಾಡಿದೆ. ಎರಡೂ ಹೋಯ್ತು ಸಾರ್ ಅಂದೆ. ಅವರು ನಂಬಲಿಲ್ಲ. ಅಷ್ಟು ಜನಕ್ಕೆ ಬಿಚ್ಚಿ ಹರಡಿ ತೋರಿಸಿದರೂ ಹೋಗದ್ದು ಹೇಗೆ ಹೋಯಿತು, ನೀನು ಅಂಥದ್ದೇನು ಮಾಡಿದೆ ಎಂದು ಕೇಳಿದರು.

"ಏನೂ ಮಾಡ್ಲಿಲ್ಲ ಸಾರ್," ಅಂದೆ. "ದೂರ ನಿಂತಿದ್ದೆ."