ಖಂಡೆಪೂಜೆಗೆ ಮಿಂದ ವಿಮಾನ

ಲೋಕದಲ್ಲಿ ಜನ ಪಕ್ಕದವರ ಹೊಲಕ್ಕೆ, ಮನೆಗೆ, ಬಡ್ತಿಗೆ ಹೊಟ್ಟೆಕಿಚ್ಚು ಪಡುತ್ತಾರೆ. ನಾನು ಪಟ್ಟದ್ದು ಹೊಲಸಿಗೆ. ಅದೂ ಗೇಣುದ್ದದ ಕಟ್ಟಿಗೆಯ ವಿಮಾನಕ್ಕೆ ಹತ್ತಿದ ಹೊಲಸಿಗೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಒಳಗೇ ಇಟ್ಟುಕೊಂಡರೆ ಇನ್ನೂ ಉರಿಯುತ್ತದೆ.

ಯುದ್ಧ ಮುಗಿದ ಮರುವರ್ಷದ ಮಾತು. ಪತ್ರಿಕೆಗಳ ತುಂಬ ವಿಮಾನದ ಚಿತ್ರಗಳು. ಸಿಂದಗಿಯ ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನ ಹುಸೇನಿ ಮತ್ತು ನಾನು ಅವನ್ನು ನೋಡಿ ನೋಡಿ ಹುಚ್ಚು ಹಿಡಿಸಿಕೊಂಡು, ಹಗುರ ಕಟ್ಟಿಗೆಯಲ್ಲಿ ವಿಮಾನ ಕೆತ್ತತೊಡಗಿದೆವು. ದಸರೆಯ ಮರುದಿನ ಊರ ಶಾಲೆಯಲ್ಲಿ ಕೈಕೆಲಸದ ಪ್ರದರ್ಶನವಿತ್ತು. ಅಲ್ಲಿ ಗೆದ್ದದ್ದು ವಿಜಾಪುರದ ಪ್ರದರ್ಶನಕ್ಕೆ ಹೋಗುತ್ತಿತ್ತು. ಅದು ನನ್ನದೇ ಆಗಬೇಕೆಂದು ಜೀವ ಹಿಡಿದುಕೊಂಡಿದ್ದೆ. ಮನೆಯ ಬಾಗಿಲಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಮೇಲಿಂದ ಮೇಲೆ ಹಚ್ಚಿ ವಿಮಾನವನ್ನು ಮಿರಮಿರ ಮಿಂಚಿಸಿದೆ. ಕಚೇರಿಗೆ ಒಯ್ದು ತೋರಿಸಿದರೆ, ಕೆಲಸಕ್ಕೆಂದು ಬಂದಿದ್ದ ಆಲಮೇಲದ ರೈತರೊಬ್ಬರು, "ಚಂದ ಐತ್ರಿ, ಎಲ್ಲಿ ತಗೊಂಡ್ರಿ? ನಮ್ಮ ಮೊಮ್ಮಗಗ ಬೇಕಾಗಿತ್ತು" ಎಂದರು. ಆಮೇಲೆ ಹುಸೇನಿಯ ವಿಮಾನ ನೋಡಿ ದನಿ ತಗ್ಗಿಸಿ, "ಇದರಾಗ ಹೋದಾವ್ರು ಜೀವಂತ ಬಂದ್ರೇನ್ರಿ?" ಎಂದು ಕೇಳಿದರು.

ಆ ಪ್ರಶ್ನೆ ನನ್ನ ಊಟ ಕೆಡಿಸಿತು. ನನ್ನದು ಅಂಗಡಿಯ ಆಟಿಗೆಯಂತಿತ್ತು, ಹುಸೇನಿಯದು ಯುದ್ಧ ಕಂಡು ಬಂದಂತಿತ್ತು: ಅಂಚುಗಳಲ್ಲಿ ಬಣ್ಣ ಸವೆದಿತ್ತು, ಹೊಟ್ಟೆಯ ಕೆಳಗೆ ಹೊಗೆಯ ಗೆರೆಗಳಿದ್ದವು. ಗುಟ್ಟು ಮಾಡಿದ್ದರೆ ಅವನನ್ನು ಬೈದಾದರೂ ಸಮಾಧಾನ ಪಡಬಹುದಿತ್ತು. ಪುಣ್ಯಾತ್ಮ ಕೇಳುವ ಮೊದಲೇ ಹೇಳಿಬಿಟ್ಟ: "ಮೊದಲ ಬೆಳ್ಳಿ ಬಣ್ಣ ಹಚ್ರಿ ಪಾಟೀಲ್ರ. ಒಣಗಿದ ಮ್ಯಾಲ ಹಸರು. ಆಮ್ಯಾಲ ಕಾಲಿಡೂ ಜಾಗಾ, ಕೈ ಹಿಡಿಯೂ ಜಾಗಾ ಅಷ್ಟ ಪಾಲಿಶ್ ಕಾಗದದಿಂದ ತಿಕ್ರಿ, ಒಳಗಿನ ಬೆಳ್ಳಿ ಕಾಣ್ತೈತಿ. ಕಂದೀಲಿನ ಮಸಿ ಚಿಮಣಿ ಎಣ್ಣ್ಯಾಗ ಕಲಸಿ ಮುಂದಿಂದ ಹಿಂದಕ್ಕ ಎಳೀರಿ. ಗಾಳಿ ಹೋದ ಕಡೀಗೇ ಹೊಲಸೂ ಹೋಗ್ತೈತಿ." ಇಷ್ಟು ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟವೆಂದು ಪಟ್ಟವರಿಗೇ ಗೊತ್ತು.

ಬಣ್ಣ ಕೆರೆದು ಮೊದಲಿನಿಂದ ಸುರುಮಾಡಿದೆ. ಮಸಿ ವಿಮಾನಕ್ಕಿಂತ ನನ್ನ ಧೋತರಕ್ಕೇ ಹೆಚ್ಚು ಹತ್ತಿತಾದರೂ ಕೊನೆಗೆ ನನ್ನದೂ ಹೊಲಸಾಯಿತು, ಅವನದಕ್ಕಿಂತ ಒಂದು ಕೈ ಮೇಲೆಯೇ. ಖಂಡೆಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಹೂ ತರಲು ಹೋಗಿ ಬರುವಷ್ಟರಲ್ಲಿ ಹೆಂಡತಿ ಕುಡುಗೋಲು, ಈಳಿಗೆ, ಸೈಕಲ್ಲುಗಳ ಸಾಲಿನಲ್ಲಿ ವಿಮಾನವನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದಳು. ಅಂಟುವಾಳದ ನೊರೆಯಲ್ಲಿ ತಿಕ್ಕಿ ತೊಳೆದಿದ್ದಳು. ಸಂದುಗಳಲ್ಲಿ ಕೂತದ್ದೊಂದು ಬಿಟ್ಟು ನನ್ನ ಮಸಿಯೆಲ್ಲ ಬಚ್ಚಲಿಗೆ ಹರಿದುಹೋಗಿತ್ತು. "ವರ್ಷಕ್ಕೊಮ್ಮಿ ಪೂಜಿ. ಅದಕ್ಕೂ ಮೈ ತೊಳೀದಂಗ ಕೂಡಸ್ಬೇಕೇನ್ರಿ?" ಎಂದಳು. ಪೂಜೆಯಾದದ್ದಕ್ಕೆ ಮತ್ತೆ ಮಸಿ ಬಳಿಯಲು ಬಿಡಲಿಲ್ಲ. ಕುಂಕುಮ ಒರೆಸುವುದಂತೂ ದೂರದ ಮಾತು.

ಹಾಗೆಯೇ ಒಯ್ದು ಪ್ರದರ್ಶನದ ಒಂದು ಮೂಲೆಯಲ್ಲಿಟ್ಟೆ. ಪರೀಕ್ಷಕರು ಮುದ್ದೇಬಿಹಾಳದವರು, ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಹುಸೇನಿಯದನ್ನು ನೋಡಿ ತಲೆದೂಗಿದರು. ನನ್ನದರ ಮುಂದೆ ಬಂದು ಬಗ್ಗಿ, ಸಂದುಗಳನ್ನು ಒಂದೊಂದಾಗಿ ನೋಡಿದರು. "ಖಂಡೆಪೂಜಿ ದಿನ ನಾವೂ ವಿಮಾನ ಹಿಂಗ ತೊಳೀತಿದ್ವಿರಿ. ಸವದ ಜಾಗಾ ಹಂಗ ಇರ್ತಿತ್ತು, ಸಂದ್ಯಾಗ ಒಂಚೂರು ಮಸಿ ಉಳೀತಿತ್ತು, ಮೂಗಿಗೆ ಕುಂಕುಮ. ಕೈಯಾರೆ ತೊಳದಾವ್ರಿಗೇ ಇದು ಗೊತ್ತಿರ್ತೈತಿ" ಎಂದರು. ವಿಜಾಪುರಕ್ಕೆ ನನ್ನದೇ ಆಯ್ಕೆಯಾಯಿತು. ಎಲ್ಲ ಮೊದಲೇ ಯೋಚಿಸಿ ಮಾಡಿದವನ ಹಾಗೆ ನಾನು ತಲೆ ತಗ್ಗಿಸಿ ನಿಂತೆ.

ಹುಸೇನಿ ಮೋಸಹೋಗಲಿಲ್ಲ. ಆ ಸಂಜೆಯೇ ತನ್ನ ವಿಮಾನವನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದ. "ಬರ್ರಿ, ಹೇಳಿಕೊಡ್ತೇನಿ" ಎಂದು ನಾನು ಗತ್ತಿನಿಂದ ಕುರ್ಚಿ ಎಳೆದೆ. ಅವನು ಕುರ್ಚಿ ದಾಟಿ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ವೈನಿ, ಹೆಂಗ ತೊಳದ್ರಿ ಅದನ್ನ? ನನಗೂ ಒಂಚೂರು ಹೇಳ್ರಿ" ಎಂದ. ಅವಳು ನೆಲದ ಮೇಲೆ ಅವನ ವಿಮಾನ ಇರಿಸಿಕೊಂಡು, ಎಲ್ಲಿ ಮೆಲ್ಲಗೆ, ಎಲ್ಲಿ ಬಿರುಸಾಗಿ ತಿಕ್ಕಬೇಕೆಂದು ವಿವರಿಸತೊಡಗಿದಳು. ಮಸಿ ಹಚ್ಚಿದವನು ನಾನು ಎಂದು ನಡುವೆ ನೆನಪಿಸಿದೆ.

"ಹಚ್ಚೂದು ಯಾರಿಗರ ಬರ್ತೈತ್ರಿ" ಎಂದಳು ತಲೆಯೆತ್ತದೆ. "ನೀವು ಹೋಗಿ ಸಕ್ಕರಿ ತರ್ರಿ, ಅಣ್ಣಾವ್ರಿಗೆ ಚಾ ಇಡ್ತೇನಿ."

ಡಬ್ಬಿ ಹಿಡಿದು ಅಂಗಡಿಗೆ ಹೊರಟೆ. ಹುಸೇನಿಯ ಮೇಲಿದ್ದ ಹೊಟ್ಟೆಕಿಚ್ಚು ದಾರಿಯಲ್ಲೇ ಆರಿಹೋಯಿತು. ಹೆಂಡತಿಯ ಮೇಲೆ ಹೊತ್ತಿಕೊಂಡ ಹೊಸದಕ್ಕೆ ಜಾಗ ಬೇಕಿತ್ತಲ್ಲ.