ಗೌಡರ ಕಾರಿನ ಪ್ಲಾಟಿನಂ

ಡಾಕ್ಟರು ಹೊಟ್ಟೆ ಕೊಯ್ಯುವಾಗ ಮನೆಯವರು ಸಹಿ ಹಾಕಿ ಹೊರಗೆ ಬೆಂಚಿನ ಮೇಲೆ ಕೂಡುತ್ತಾರೆ. ನಾನು ಬಾನೆಟ್ ಎತ್ತಿದರೆ ಮಾತ್ರ ಕುರ್ಚಿ ತರಿಸಿಕೊಂಡು ಎದುರಿಗೇ ಕೂಡುತ್ತಾರೆ. ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ರಸ್ತೆಯ ಬಾಜು ಗ್ಯಾರೇಜು ತೆಗೆದು ಮೂವತ್ತು ವರ್ಷವಾಯಿತು. ಜನ ನನ್ನ ಕೈ ನೋಡಿದಷ್ಟು ಮುಖ ನೋಡಿಲ್ಲ. ಇಂಥವು ನಡೆಯುತ್ತಲೇ ಇರುತ್ತವೆ, ನಾನೂ ನಕ್ಕು ಬಿಡುತ್ತೇನೆ. ಆದರೆ ಒಬ್ಬ ಗೌಡರ ಹಳೇ ಅಂಬಾಸಡರಿಗೆ ಎಲೆಕ್ಟ್ರಾನಿಕ್ ಇಗ್ನಿಶನ್ ಕೂಡಿಸಲು ಹೋಗಿ ಕಳ್ಳನಾದೆನಲ್ಲ, ಅದಕ್ಕೆ ನಗಲು ಸ್ವಲ್ಪ ದಿನ ಬೇಕಾಯಿತು.

ಲಗ್ನಪತ್ರಿಕೆಯ ಅಳತೆ

ಕಾರು ಗೌಡರ ಅಪ್ಪನ ಕಾಲದ್ದು. ಅದರಲ್ಲಿ ಕಿಡಿ ಹುಟ್ಟಿಸುವ ಕೆಲಸ ಎರಡು ಸಣ್ಣ ಬಿಲ್ಲೆಗಳದು. ಅವು ಕೂಡಿ ಬಿಟ್ಟು, ಕೂಡಿ ಬಿಟ್ಟು ಮಾಡಿದರೆ ಪ್ಲಗ್ಗಿಗೆ ಕಿಡಿ ಹೋಗುತ್ತದೆ. ಅದಕ್ಕೆ ಪಾಯಿಂಟ್ ಅನ್ನುತ್ತಾರೆ. ನಮ್ಮ ಎರಿ ಹೊಲದ ಕಪ್ಪು ಮಣ್ಣಿನ ಧೂಳಿಗೆ ಅದು ತಿಂಗಳಿಗೊಮ್ಮೆ ಮುನಿಸಿಕೊಳ್ಳುತ್ತದೆ. ಆಗ ಗೌಡರು ನಡುರಸ್ತೆಯಲ್ಲೇ ಇಳಿದು, ಕಡ್ಡಿಪೆಟ್ಟಿಗೆಯ ಗೀರುವ ಬದಿಯಿಂದ ಬಿಲ್ಲೆಗಳನ್ನು ತಿಕ್ಕಿ, ನಡುವಿನ ಸಂದಿಗೆ ಲಗ್ನಪತ್ರಿಕೆ ತೂರಿಸಿ ಅಳತೆ ಕೂಡಿಸುತ್ತಿದ್ದರು. ಡಿಕ್ಕಿಯಲ್ಲಿ ಸ್ಟೆಪ್ನಿ ಇರದಿದ್ದರೂ ಲಗ್ನಪತ್ರಿಕೆಗಳ ಕಟ್ಟು ಇರುತ್ತಿತ್ತು.

"ನವಲಗುಂದದ ಬೀಗ್ರ ಕಾರ್ಡ್ ಅಗದಿ ಬರೋಬ್ಬರಿ," ಅನ್ನುತ್ತಿದ್ದರು. "ಕುಂದಗೋಳದವ್ರದು ಬಾಳ ದಪ್ಪ. ಅದನ್ನ ಹಾಕಿ ಅಳತಿ ಮಾಡಿದ್ರ ಗಾಡಿ ಓಡಂಗಿಲ್ಲ. ಅಂಥಾ ಮನಿಗೆ ಹೆಣ್ಣ ಕೊಡಬಾರದು."

ನೋಡಿ ನೋಡಿ ಒಂದು ದಿನ ಹೇಳಿದೆ: "ಈ ತ್ರಾಸ ಸಾಕ್ರಿ ಗೌಡ್ರ, ಎಲೆಕ್ಟ್ರಾನಿಕ್ ಕೂಡ್ಸೂಣು. ತಿಕ್ಕೂದೂ ಇಲ್ಲ, ಅಳಿಯೂದೂ ಇಲ್ಲ."

ಗೌಡರು ಕಣ್ಣು ಸಣ್ಣ ಮಾಡಿ ನನ್ನನ್ನೇ ನೋಡಿದರು. "ಹಂಗಾರ ಇನ್ನ ಬರೋ ಲಗ್ನದ ಕಾರ್ಡ್ ತಗೊಂಡು ಏನ ಮಾಡ್ಲಿ?"

"ಲಗ್ನಕ್ಕ ಹೋಗ್ರಿ," ಅಂದೆ.

ಪತ್ತಾರ ಬಂದ

ಮೂರು ದಿನ ಅನುಮಾನಪಟ್ಟು ಗೌಡರು ಒಪ್ಪಿದರು. ಗಾಡಿ ತಂದ ದಿನ ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಗೌಡಶ್ಯಾನಿಯೂ ಇದ್ದರು. ಮಗಳ ನಿಶ್ಚಯದ ದಿನ ಗೊತ್ತಾಗಿತ್ತು, ಹುಬ್ಬಳ್ಳಿಗೆ ಉಂಗುರ ನೋಡಲು ಹೋಗಿ ಬಂದಿದ್ದರು. ನಾನು ಬಾನೆಟ್ ಎತ್ತಿ, ಬಾಯಿಗೆ ಬಂದ ರೂಢಿಯಲ್ಲಿ, "ಮೊದ್ಲ ಈ ಪ್ಲಾಟಿನಂ ತಗದಬಿಡ್ತೇನ್ರಿ," ಅಂದೆ.

ಗ್ಯಾರೇಜಿನವರ ಬಾಯಲ್ಲಿ ಪಾಯಿಂಟಿಗೆ ಪ್ಲಾಟಿನಂ ಎಂದೇ ಹೆಸರು. ಯಾವುದೋ ಕಾಲಕ್ಕೆ ಅದರಲ್ಲಿ ಪ್ಲಾಟಿನಂ ಇತ್ತೋ ಏನೋ, ನಾನಂತೂ ಕಂಡಿಲ್ಲ. ಆದರೆ ಆ ಶಬ್ದ ಕೇಳಿದ್ದೇ ಗೌಡಶ್ಯಾನಿ ಕಾರಿನಿಂದ ಇಳಿದೇಬಿಟ್ಟರು.

"ನಮ್ಮ ಗಾಡ್ಯಾಗ ಪ್ಲಾಟಿನಂ ಐತೇನ್ರಿ?" ಎಂದು ಗಂಡನನ್ನು ಕೇಳಿದರು.

"ಇರಬೇಕು," ಅಂದರು ಗೌಡರು, ಎದೆ ಸ್ವಲ್ಪ ಮುಂದೆ ಮಾಡಿ. "ಅಪ್ಪ ಸುಮ್ಮ ಸುಮ್ಮನ ತಗೊಂಡಿರಂಗಿಲ್ಲ."

"ಬರೇ ಹೆಸರ್ರಿ ಅವ್ವಾರ, ಒಳಗ ಏನೂ ಇಲ್ರಿ," ಅಂದೆ.

"ಏನೂ ಇಲ್ಲಂದ್ರ ತಗಿಯಾಕ ನಿನಗ ಇಷ್ಟ್ಯಾಕ ಅವಸರ?"

ಬಾನೆಟ್ ಮುಚ್ಚಿತು. ಮರುದಿನ ಅದೇ ಗಾಡಿಯಲ್ಲಿ ತಮ್ಮ ಮನೆತನದ ಬಂಗಾರದ ಕೆಲಸ ಮಾಡುವ ಪತ್ತಾರನನ್ನು ಕರೆದುಕೊಂಡು ಬಂದರು. ನಾನು ಪಾಯಿಂಟ್ ಬಿಚ್ಚಿ ಕೊಟ್ಟೆ. ಪಾಪ, ಪತ್ತಾರ ಒರೆಗಲ್ಲಿಗೆ ತಿಕ್ಕಿದ, ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. "ಕಬ್ಬಣ ಐತ್ರಿ ಅವ್ವಾರ," ಅಂದ.

ಗೌಡಶ್ಯಾನಿ ಅವನನ್ನು ನೋಡಿದರು, ನನ್ನನ್ನು ನೋಡಿದರು. "ನಿಮಗಿಬ್ರಿಗೂ ಮೊದಲಿಂದ ಗುರ್ತೇನ?"

"ನನ್ನ ಸ್ಕೂಟರ್ ಇವ್ರ ರಿಪೇರಿ ಮಾಡ್ತಾರ್ರಿ," ಅಂದ ಪತ್ತಾರ, ನಿಜ ಹೇಳುವ ಚಟ ಅವನಿಗೆ.

"ಹಾಂ!" ಅಂದರು ಗೌಡಶ್ಯಾನಿ. ಅವತ್ತಿನಿಂದ ಕಳ್ಳರು ಇಬ್ಬರಾದೆವು.

ಮೂರು ಕೆಮ್ಮು ಕಡಿಮೆ

ಬಿಚ್ಚಿದ ಪಾಯಿಂಟನ್ನು ಅವರು ಸೆರಗಿನ ತುದಿಗೆ ಎರಡು ಗಂಟು ಹಾಕಿ ಕಟ್ಟಿಕೊಂಡರು. ಆ ಜಾಗಕ್ಕೆ ನಾನು ಹೊಸದನ್ನು ಕೂಡಿಸಿದೆ. ಒಂದು ಅಯಸ್ಕಾಂತದ ಬಳೆ, ಒಂದು ಕರಿ ಡಬ್ಬಿ, ಎರಡು ವಾಯರ್, ಅಷ್ಟೇ. ಟೈಮಿಂಗ್ ನೋಡಿ ಚಾವಿ ತಿರುವಿದೆ. ಗಾಡಿ ಒಂದೇ ಏಟಿಗೆ ಶುರುವಾಯಿತು. ನನಗೆ ಖುಷಿಯೋ ಖುಷಿ, ಗೌಡರ ಮುಖ ಮಾತ್ರ ಸಣ್ಣದಾಯಿತು.

"ಏನೋ ಕಡಿಮಿ ಆಗೇತಿ ಮಿಸ್ತ್ರಿ. ಅಪ್ಪನ ಕಾಲದಿಂದ ಮೂರ ಸಲ ಕೆಮ್ಮಿದ ಮ್ಯಾಲ ಶುರು ಆಗೂದು ಇದು."

"ಕೆಮ್ಮು ವಾಸಿ ಆತ್ರಿ."

"ವಾಸಿ ಮಾಡು ಅಂತ ಅಂದವ್ರ್ಯಾರು ನಿನಗ? ಒಂದರ ಕೆಮ್ಮು ಇಟ್ಟ ಕೊಡು. ನಮ್ಮ ಗಾಡಿ ಅಂತ ನನಗರ ಗುರ್ತ ಸಿಗಬೇಕಲ್ಲ!"

ಟ್ರ್ಯಾಕ್ಟರಿನವ

ಸುದ್ದಿ ಬಸ್ಸಿಗಿಂತ ಮೊದಲು ಊರೂರು ಮುಟ್ಟಿತು. ಮಿಸ್ತ್ರಿ ಹಳೇ ಗಾಡಿಗಳ ಪ್ಲಾಟಿನಂ ಹೊಡೆಯುತ್ತಾನೆ, ಅದಕ್ಕೇ ಎಲ್ಲರಿಗೂ ಎಲೆಕ್ಟ್ರಾನಿಕ್, ಎಲೆಕ್ಟ್ರಾನಿಕ್ ಅನ್ನುತ್ತಾನೆ ಎಂದು. ರಿಪೇರಿಗೆ ಬಿಟ್ಟಿದ್ದ ಎರಡು ಗಾಡಿಗಳನ್ನು ಅರ್ಧಕ್ಕೇ ದೂಡಿಕೊಂಡು ಹೋದರು. ಮೂವತ್ತು ವರ್ಷದಲ್ಲಿ ಇನ್ನೊಬ್ಬರ ನಟ್ಟು ನನ್ನ ಕಿಸೆಗೆ ಬಿದ್ದಿಲ್ಲ. ಆ ಹೆಸರೊಂದನ್ನು ನಂಬಿಯೇ ಈ ಷಟರ್ ಎತ್ತುತ್ತಿದ್ದೆ, ಅದೇ ಹೋದರೆ ಬೀಗ ಹಾಕುವುದೊಂದೇ ಬಾಕಿ.

ಅಂಥಾ ಹೊತ್ತಿನಲ್ಲಿ ಒಬ್ಬ ಟ್ರ್ಯಾಕ್ಟರ್ ತಂದು ನಿಲ್ಲಿಸಿ, ಇಳಿಯದೇ ಕೇಳಿದ: "ನನ್ನ ಟ್ರ್ಯಾಕ್ಟರಿನ ಪ್ಲಾಟಿನಂ ಎಲ್ಲೈತ್ರಿ?"

"ಇದು ಡೀಸೆಲ್ ಗಾಡಿರಿ. ಇದಕ್ಕ ಕಿಡೀನ ಬೇಕಾಗಿಲ್ಲ. ಇದರಾಗ ಇರೂದ ಇಲ್ಲ."

ಅವನು ಇಂಜಿನ್ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ. ಹೋದ ವರ್ಷ ನಾನು ಅದರ ಕ್ಲಚ್ ಮಾಡಿಕೊಟ್ಟಿದ್ದೆ.

"ಈಗ ಇಲ್ಲ, ಖರೆ," ಅಂದ. "ನಿಮ್ಮ ಕಡಿ ತರೂಕಿಂತ ಮೊದ್ಲ ಇತ್ತೇನು?"

ತಿಪ್ಪೆಯ ಹತ್ತಿರ

ಗೌಡಶ್ಯಾನಿ ಆ ಪಾಯಿಂಟನ್ನು ಹುಬ್ಬಳ್ಳಿಗೆ ಒಯ್ದು, ಅಳಿಯನ ಉಂಗುರಕ್ಕೆ ಹಾಕಿಸೋಣವೆಂದು ದೊಡ್ಡ ಅಂಗಡಿಯ ಲೋಹ ಪರೀಕ್ಷಿಸುವ ಮಷಿನ್ನಿಗೆ ಹಾಕಿಸಿದರು. ಒಂದು ಗುಲಗಂಜಿಯಷ್ಟೂ ಪ್ಲಾಟಿನಂ ಇಲ್ಲ ಎಂದು ಚೀಟಿ ಬಂತು. ಅದನ್ನು ಹಿಡಿದು ಗಂಡನ ಜೊತೆ ಸೀದಾ ಗ್ಯಾರೇಜಿಗೆ ಬಂದರು. ನಾಲ್ಕು ಜನ ಕೂಡಿದ್ದರು. ನನಗೆ ಹೋದ ಜೀವ ಬಂದಂತಾಯಿತು.

"ನಾ ಮೊದಲ ಹೇಳಿದ್ದೆಲ್ರಿ ಅವ್ವಾರ!"

"ಅಂದ್ರ ನೀ ನಮಗ ಕೊಟ್ಟದ್ದು ಬ್ಯಾರೆ! ಅಸಲಿ ಎಲ್ಲಿ ಇಟ್ಟಿ, ತಗಿ ಹೊರಗ!"

ನನ್ನ ಕಣ್ಣಲ್ಲಿ ನೀರು ಬಂದದ್ದು ಗೌಡರಿಗೆ ಕಂಡಿರಬೇಕು. ಕೆಮ್ಮಿ ಮುಂದೆ ಬಂದರು. "ಮಿಸ್ತ್ರಿ ತಪ್ಪಿಲ್ಲ. ಅದು ಅಪ್ಪನ ಕಾಲದ ಪಾಯಿಂಟ ಅಲ್ಲ. ಸವದಂಗ ಸವದಂಗ ಹೊಸಾದು ಹಾಕಿಸೇನಿ. ಹಳೇವನ್ನೆಲ್ಲಾ ನಾನ ತಿಪ್ಪಿಗೆ ಒಗದೇನಿ."

ನಾಲ್ಕು ಜನರ ಎದುರಿಗೆ ನನ್ನ ಹೆಸರು ಸ್ವಚ್ಛವಾಯಿತು. ಗೌಡಶ್ಯಾನಿ ಮಾತ್ರ ಗಂಡನನ್ನು ಕಾರಿನಲ್ಲಿ ಕೂಡಿಸಿಕೊಂಡು ಹೋದರು.

ಎರಡು ದಿನ ಬಿಟ್ಟು ಗೌಡರ ಫೋನು ಬಂತು, ಪಿಸುಮಾತಿನಲ್ಲಿ. "ಮಿಸ್ತ್ರಿ, ನಿನ್ನೆಯಿಂದ ಜರಡಿ ಹಿಡದು ತಿಪ್ಪಿ ಸಾಣಿಸಾಕತ್ತೀನಿ. ಒಂದೂ ಸಿಗವಲ್ದು. ತಿಪ್ಪಿ ಮುಗದ್ರ ಗೊಬ್ಬರಾ ಹಾಕಿದ ಹೊಲಾ ಸಾಣಿಸೂಣು ಅಂತಾಳ ನಮ್ಮಾಕಿ. ನಿನ್ನ ಕಡಿ ಹಳೇ ಪಾಯಿಂಟ ಇದ್ರ ನಾಕ ತಂದು ಇದರಾಗ ಮುಚ್ಚಿ ಹೋಗೋ. ನನ್ನ ಬೆನ್ನ ಉಳಸು."

ನನಗಾಗಿ ಬಾಯಿ ಬಿಟ್ಟ ಮನುಷ್ಯ, ಇಲ್ಲ ಅನ್ನಲಾಗಲಿಲ್ಲ. ಗುಜರಿ ಡಬ್ಬಿಯಿಂದ ಏಳು ಪಾಯಿಂಟ್ ಆರಿಸಿಕೊಂಡು, ಮಧ್ಯಾಹ್ನ ಊಟದ ಹೊತ್ತಿಗೆ ಅವರ ಹಿತ್ತಿಲಿಗೆ ಹೋದೆ. ಯಾರೂ ಇರಲಿಲ್ಲ. ಬಗ್ಗಿ ಮೂರನ್ನು ತಿಪ್ಪೆಗೆ ಒತ್ತಿದ್ದೆ, ನಾಲ್ಕು ಇನ್ನೂ ಅಂಗೈಯಲ್ಲಿದ್ದವು.

"ಯಾರದು?"

ತಿರುಗಿದರೆ ಗೌಡಶ್ಯಾನಿ, ಕೈಯಲ್ಲಿ ಸಾಣಿಗೆ. ಅವರ ಹಿಂದೆ ಗೌಡರು, ನನ್ನನ್ನು ಜನ್ಮದಲ್ಲೇ ನೋಡಿಲ್ಲವೆಂಬಂತೆ ಆಕಾಶ ನೋಡುತ್ತ ನಿಂತಿದ್ದರು. ನಿಜ ಹೇಳಿದರೆ ಗೌಡರ ಗತಿ ಹೊಲ ಸಾಣಿಸುವುದೇ. ಸುಮ್ಮನೆ ಅಂಗೈ ಮುಂದೆ ಚಾಚಿದೆ.

ಗೌಡಶ್ಯಾನಿ ನಾಲ್ಕನ್ನೂ ಒಂದೊಂದಾಗಿ ಎತ್ತಿಕೊಂಡರು. ದನಿ ಮೆತ್ತಗಾಯಿತು. "ಆಶಾ ಯಾರಿಗಿಲ್ಲ ತಮ್ಮಾ? ತಿರುಗಿ ತಂದೀಯಲ್ಲ, ಅಷ್ಟ ಸಾಕು. ಬಾ ಒಳಗ, ಚಹಾ ಕುಡಿ. ಇನ್ನ ಮ್ಯಾಲ ಏನರ ಬೇಕಾದ್ರ ಕೇಳಿ ತಗೋ."

"ನಿನ್ನದು ದೊಡ್ಡ ಮನಸು," ಅಂದರು ಗೌಡರು ಹೆಂಡತಿಗೆ.

ಆ ಚಹಾ ಕುಡಿದು ಬಂದೆ. ಇನ್ನು ಮುಗಿಯಿತು, ಬೇರೆ ಊರು ನೋಡಬೇಕು ಎಂದುಕೊಂಡೇ ಮರುದಿನ ಗ್ಯಾರೇಜಿಗೆ ಹೋದೆ. ಮುಂದೆ ಆರು ಗಾಡಿಗಳು ಸಾಲಾಗಿ ನಿಂತಿದ್ದವು. ಮೊದಲಿನವನು ಚಾವಿ ನನ್ನ ಕೈಗಿಟ್ಟು, ಎರಡೂ ಕೈ ಮುಗಿದ.

"ನಿಮ್ಮಂಥ ಪ್ರಾಮಾಣಿಕ ಮನಷಾ ಈ ತಾಲೂಕಿನಾಗ ಇಲ್ರಿ. ಉಳದ ಮಿಸ್ತ್ರಿಗಳೂ ಕದೀತಾರ, ಯಾರ್ರಿ ತಿರುಗಿ ತಂದ ಕೊಡ್ತಾರ?"