ಒಡೆಯಬಾರದ ಲಕೋಟೆ

ನನ್ನ ಚಿಕ್ಕಮ್ಮನ ಕೈಗೆ ಸೀಲ್ ಮಾಡಿದ ಯಾವುದನ್ನೂ ಕೊಡಬೇಡಿ! ಪಕ್ಕದ ಮನೆಯವರ ಪಾರ್ಸೆಲ್ ಆದರೂ ಸರಿ, ಒಳಗೇನಿದೆ ಎಂದು ನೋಡದೆ ಮುಂದಕ್ಕೆ ಸಾಗಿಸುವವಳಲ್ಲ.

ಐವತ್ತು ದಾಟಿದ ಮೇಲೆ ಅಮೆರಿಕದ ಹಾಫ್‌ಮನ್ ಎಸ್ಟೇಟ್ಸ್ ಊರಿನ ಮನೆಯಿಂದ ಕಮ್ಯುನಿಟಿ ಕಾಲೇಜಿಗೆ ಹೋಗಿ, ಎರಡು ವರ್ಷದ ಓದನ್ನು ನಾಲ್ಕು ವರ್ಷದಲ್ಲಿ ಮುಗಿಸಿದಳು. ಉಳಿದರ್ಧ ಡಿಗ್ರಿಗೆ ಸರ್ಕಾರಿ ವಿಶ್ವವಿದ್ಯಾಲಯ ಸೀಟು ಕೊಟ್ಟಿತು. ಷರತ್ತು ಒಂದೇ: ಕಾಲೇಜಿನ ಅಂಕಪಟ್ಟಿ, ಸೀಲ್ ಒಡೆಯದ ಲಕೋಟೆಯಲ್ಲಿ, ಶುಕ್ರವಾರದೊಳಗೆ ತಲುಪಬೇಕು. ತಪ್ಪಿದರೆ ಸೀಟಿಲ್ಲ. ಆನ್‌ಲೈನಿನಲ್ಲಿ ಕಳಿಸಬಹುದಿತ್ತು. ಚಿಕ್ಕಮ್ಮ ಒಪ್ಪಬೇಕಲ್ಲ? "ಹೋಯ್ತೋ ಇಲ್ವೋ ಯಾರಿಗ್ಗೊತ್ತು? ನಾನೇ ತಗೊಂಡು ಹೋಗಿ ಕೊಡ್ತೀನಿ!"

ಮೊದಲ ಲಕೋಟೆಯನ್ನು ಪಾರ್ಕಿಂಗ್ ಲಾಟಿನಲ್ಲೇ ಒಡೆದು, ಅಂಕಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಕೊಂಡೊಯ್ದಳು. "ಮಾರ್ಕ್ಸ್ ಕಾರ್ಡ್ ಅಂದ್ಮೇಲೆ ಲ್ಯಾಮಿನೇಟ್ ಬೇಡ್ವಾ?" ವಿಶ್ವವಿದ್ಯಾಲಯದ ಕೌಂಟರಿನ ಹೆಂಗಸು ಅದನ್ನು ಬೆಳಕಿಗೆ ಹಿಡಿದು ನೋಡಿ, ಅಮಾನ್ಯ ಎಂದು ಎತ್ತಿಟ್ಟುಕೊಂಡಳು.

ಎರಡನೆಯದನ್ನು ಟೀ ಪಾತ್ರೆಯ ಹಬೆಗೆ ಹಿಡಿದು ಬಿಡಿಸಿದಳು. ಮಗಳು ಕಿರುಚಿದಳು: "ಅಮ್ಮಾ, ದಟ್ಸ್ ಫ್ರಾಡ್!"

"ನನ್ನ ಮಾರ್ಕ್ಸ್ ನಾನು ನೋಡಿದ್ರೆ ಅದು ಹೇಗೇ ಫ್ರಾಡ್ ಆಗತ್ತೆ?"

ಹಬೆಗೆ ಸುಕ್ಕಾದ ಆ ಲಕೋಟೆಯೂ ಕೌಂಟರಿನಲ್ಲೇ ಉಳಿಯಿತು.

ಶುಕ್ರವಾರ ಮೂರನೆಯದನ್ನು ನಾನೇ ಪಡೆದು, ತೊಡೆಯಡಿ ಇಟ್ಟುಕೊಂಡು ಕಾರು ಓಡಿಸಿದೆ.

"ಒಂದ್ಸಲ ಕೊಡೋ. ಮುಟ್ಟಿ ವಾಪಸ್ ಕೊಡ್ತೀನಿ."

"ಇಲ್ಲ ಚಿಕ್ಕಮ್ಮ. ಮಾರ್ಕ್ಸ್ ಎಲ್ಲಾ ಫೋನಲ್ಲೇ ಇದೆಯಲ್ಲ, ಇದನ್ಯಾಕೆ ಒಡೀತೀಯ?"

ಚಿಕ್ಕಮ್ಮ ನನ್ನ ತೊಡೆಯಡಿಯಿಂದ ಇಣುಕುತ್ತಿದ್ದ ಲಕೋಟೆಯ ಮೂಲೆಯನ್ನೇ ನೋಡುತ್ತ ಹೇಳಿದಳು:

"ಪಿಯುಸಿ ಮಾರ್ಕ್ಸ್ ಕಾರ್ಡ್ ಕಾಲೇಜಿಗೆ ಬಂದಿತ್ತು. ಅಷ್ಟರಲ್ಲಿ ನಂಗೆ ಮದ್ವೆ ಆಗೋಯ್ತು. ಇನ್ನೇನಕ್ಕೆ ಅಂತ ಯಾರೂ ಹೋಗಿ ತರ್ಲೇ ಇಲ್ಲ ಕಣೋ. ಪಾಸೋ ಫೇಲೋ, ಇವತ್ತಿಗೂ ಗೊತ್ತಿಲ್ಲ."

ಹೆದ್ದಾರಿಯ ಮುಂದಿನ ಎಕ್ಸಿಟ್‌ನಲ್ಲಿ ಕಾರು ತಿರುಗಿಸಿದೆ. ಕಾಲೇಜಿಗೆ ಹಿಂದಿರುಗಿ ಇನ್ನೊಂದು ಪ್ರತಿ ಕೇಳಿ ಪಡೆದು ಅವಳ ಮಡಿಲಿಗಿಟ್ಟೆ. "ಇದು ನಿಂದು. ಒಡಿ."

ಒಡೆಯಲಿಲ್ಲ! "ಮೊದ್ಲು ಅದು ಸೇರ್ಲಿ" ಎಂದಳು. ಸೀಲಿದ್ದ ಲಕೋಟೆ, ಕೌಂಟರ್ ಮುಚ್ಚಲು ಹತ್ತು ನಿಮಿಷವಿರುವಾಗ ಸೇರಿತು. ಸೀಟು ಉಳಿಯಿತು.

ವಾಪಸಾಗುವಾಗ ಹೇರ್‌ಪಿನ್ನಿನಿಂದ ತನ್ನ ಲಕೋಟೆಯ ಅಂಚನ್ನು ಮೆಲ್ಲಗೆ ಬಿಡಿಸಿದಳು. ಮೊದಲು ತನ್ನ ಹೆಸರು ಓದಿದಳು. ಆಮೇಲೆ ಒಂದೊಂದೇ ವಿಷಯ, ಗಟ್ಟಿಯಾಗಿ: "ಇಂಗ್ಲಿಷ್, ಎ. ಸ್ಟ್ಯಾಟಿಸ್ಟಿಕ್ಸ್, ಬಿ..."

ನಮ್ಮ ಎಕ್ಸಿಟ್ ದಾಟಿ ಹೋಯಿತು. ನಾನು ಕಾರು ಓಡಿಸುತ್ತಲೇ ಇದ್ದೆ. ಇನ್ನೂ ಒಂದು ಪುಟ ಬಾಕಿಯಿತ್ತು.